ದವಡೆಯಾಗದೆ ಉಳಿದ ಕಾಲು

ಕರಾವಳಿಯವರಿಗೆ ಸಿಗಡಿಯ ಅಂಗರಚನೆ ಗೊತ್ತಾಗುವುದು ಅಡುಗೆಮನೆಯಲ್ಲಿ. ತಲೆ ಚಿವುಟಬೇಕು, ಸಿಪ್ಪೆ ಸುಲಿಯಬೇಕು, ಬೆನ್ನ ಮೇಲಿನ ಕಪ್ಪು ನರ ಎಳೆದು ತೆಗೆಯಬೇಕು, ಉಳಿದದ್ದು ಸುಕ್ಕಕ್ಕೆ. ಆ ಕಪ್ಪು ನರ ನರವಲ್ಲ, ಕರುಳು ಎಂದು ಊಟದ ಮಧ್ಯೆ ಹೇಳಿದಾಗ ಎದುರು ಕೂತವರು ನೋಡುವ ನೋಟ ನನಗೆ ಅಭ್ಯಾಸವಾಗಿಬಿಟ್ಟಿದೆ. ಪ್ರಾಣಿಶಾಸ್ತ್ರ ಕಲಿಸುವವರನ್ನು ಯಾರೂ ಎಟ್ಟಿ ಸುಕ್ಕಕ್ಕೆ ಎರಡನೇ ಸಲ ಕರೆಯುವುದಿಲ್ಲ.

ನನಗೆ ಆಸಕ್ತಿ ಇರುವುದು ಬೆಕ್ಕಿನ ಪಾಲಾಗುವ ಆ ತಲೆಯಲ್ಲಿ. ಬಿಎಸ್ಸಿ ಪ್ರಾಣಿಶಾಸ್ತ್ರ ಓದಿದ ಹಳಬರಿಗೆಲ್ಲ ಒಂದು ಪ್ರ್ಯಾಕ್ಟಿಕಲ್ ನೆನಪಿರುತ್ತದೆ. ಸಿಗಡಿಯ ಒಂದು ಬದಿಯ ಹತ್ತೊಂಬತ್ತು ಕೈಕಾಲುಗಳನ್ನು ಫೋರ್ಸೆಪ್ಸ್‌ನಿಂದ ಬುಡಸಮೇತ ಬಿಡಿಸಿ, ಡ್ರಾಯಿಂಗ್ ಶೀಟಿನ ಮೇಲೆ ಮುಂದಿನಿಂದ ಹಿಂದಕ್ಕೆ ಕ್ರಮವಾಗಿ ಅಂಟಿಸಿ, ಪಕ್ಕದಲ್ಲಿ ಪೆನ್ಸಿಲಿನಿಂದ ಹೆಸರು ಬರೆಯುವುದು. ತಲೆಯಲ್ಲಿ ಐದು ಜೋಡಿ, ಎದೆಯಲ್ಲಿ ಎಂಟು, ಹೊಟ್ಟೆಯಲ್ಲಿ ಆರು. ಈಗ ಡಿಸೆಕ್ಷನ್ ಕಾಲೇಜುಗಳಿಂದ ಹೆಚ್ಚುಕಡಿಮೆ ಹೊರಟೇ ಹೋಗಿದೆ. ಕಪ್ಪೆಗಳ ಮಟ್ಟಿಗೆ ಅದು ಒಳ್ಳೆಯದೇ ಆಯಿತು. ಆದರೆ ಮಾರ್ಕೆಟ್ಟಿನಿಂದ ತಂದ ಸತ್ತ ಸಿಗಡಿಯ ಈ ಹಾಳೆ ಹೋದದ್ದು ನನ್ನ ಪಾಲಿಗೆ ನಷ್ಟ. ವಿಕಾಸವಾದದ ಮೇಲೆ ನಾನು ಮಾಡಿದ ಯಾವ ಉಪನ್ಯಾಸಕ್ಕೂ ಆ ಒಂದು ಹಾಳೆಯಷ್ಟು ಶಕ್ತಿ ಇರಲಿಲ್ಲ.

ಯಾಕೆಂದರೆ ಅಂಟಿಸುತ್ತ ಹೋದಂತೆ ಒಂದು ವಿಷಯ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಮೀಸೆ, ದವಡೆ, ನಡೆಯುವ ಕಾಲು, ಈಜುವ ಕಾಲು, ಬಾಲದ ಬೀಸಣಿಗೆ, ಎಲ್ಲವೂ ಒಂದೇ ಅಂಗದ ರೂಪಾಂತರಗಳು. ಬುಡದಲ್ಲೊಂದು ತುಂಡು, ಅದರಿಂದ ಕವಲೊಡೆದ ಎರಡು ಕೊಂಬೆ. ಕೆಲವು ಕಡೆ ಹೊರಗಿನ ಕೊಂಬೆ ಮಾಯವಾಗಿದೆ, ಕೆಲವು ಕಡೆ ಒಳಗಿನದು ಉದ್ದವಾಗಿ ಕಾಲಾಗಿದೆ, ಕೆಲವು ಕಡೆ ಬುಡವೇ ದಪ್ಪಗಾಗಿ ಹಲ್ಲು ಬಂದು ದವಡೆಯಾಗಿದೆ. ತಿನ್ನುವುದೂ ಉಸಿರಾಡುವುದೂ ಈಜುವುದೂ ಒಂದೇ ಸಾಮಾನಿನಿಂದ ಆಗಿರುವುದು.

ಹಾಳೆಯಲ್ಲಿ ಯಾವಾಗಲೂ ಹರಿದು ಹಾಳಾಗುತ್ತಿದ್ದದ್ದು ಐದನೆಯದು. ಎರಡನೇ ಮ್ಯಾಕ್ಸಿಲ್ಲ ಎಂದು ಅದರ ಹೆಸರು. ನೋಡಲಿಕ್ಕೆ ಕಾಲೂ ಅಲ್ಲ, ದವಡೆಯೂ ಅಲ್ಲ. ತೆಳ್ಳಗಿನ ಪಾರದರ್ಶಕ ಎಲೆ, ಅಂಚಿಗೆ ಕುಚ್ಚು. ಕಿವಿರಿನ ಕೋಣೆಯ ಬಾಗಿಲಲ್ಲಿ ಕೂತಿರುತ್ತದೆ, ಎಳೆದರೆ ಅರ್ಧ ಅಲ್ಲೇ ಉಳಿದುಬಿಡುತ್ತದೆ. ಜಾಣ ಹುಡುಗರು ಪಕ್ಕದವರ ಸಿಗಡಿಯಿಂದ ಎತ್ತಿ ಅಂಟಿಸುತ್ತಿದ್ದರು, ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ.

ಇದು ಕೆಲಸ ಮಾಡುವುದನ್ನು ನೋಡಬೇಕಾದರೆ ಪ್ರಯೋಗಾಲಯ ಬೇಡ. ಮಂಗಳೂರಿನ ಉರ್ವ ಮಾರ್ಕೆಟ್ಟಿನಲ್ಲಿ ಕೊಂಬಿಗೆ ಹಗ್ಗ ಬಿಗಿದು ಮಾರಲು ಇಟ್ಟ ಜೀವಂತ ಡೆಂಜಿಯ, ಅಂದರೆ ಏಡಿಯ, ಬಾಯಿಯ ಹತ್ತಿರ ಒಂದು ನಿಮಿಷ ಬಗ್ಗಿ ನೋಡಿ. ಬುರುಬುರು ಎಂದು ನೊರೆ ಬರುತ್ತಿರುತ್ತದೆ. ಸಿಟ್ಟಿಗೆ ನೊರೆ ಕಾರುತ್ತದೆ ಎಂದು ಚಿಕ್ಕಂದಿನಲ್ಲಿ ನಮಗೆಲ್ಲ ಹೇಳಿದ್ದರು. ಸಿಟ್ಟು ಇರಬಹುದು, ಇಲ್ಲದಿದ್ದರೆ ಆಶ್ಚರ್ಯ. ಆದರೆ ನೊರೆಗೆ ಕಾರಣ ಆ ಐದನೇ ಜೋಡಿ. ಏಡಿಯ ಚಿಪ್ಪಿನ ಅಡಿಯ ಕೋಣೆಯಲ್ಲಿ ಕಿವಿರುಗಳಿವೆ. ಐದನೇ ಜೋಡಿಯ ಎಲೆ ನಿಲ್ಲದೆ ಬಡಿಯುತ್ತ ಅಲ್ಲಿಯ ನೀರನ್ನು ಬಾಯಿಯ ಇಕ್ಕೆಲದಿಂದ ಹೊರಗೆ ತಳ್ಳುತ್ತದೆ, ಬದಲಿಗೆ ಕಾಲುಗಳ ಬುಡದಿಂದ ಹೊಸ ನೀರು ಒಳಬರುತ್ತದೆ. ಬುಟ್ಟಿಯಲ್ಲಿ ಹೊಸ ನೀರು ಎಲ್ಲಿಂದ ಬರಬೇಕು? ಇದ್ದ ಸ್ವಲ್ಪವೇ ನೀರನ್ನು ಗಾಳಿಯೊಂದಿಗೆ ಮತ್ತೆ ಮತ್ತೆ ಓಡಿಸುತ್ತದೆ. ನೊರೆ ಏಳುತ್ತದೆ.

ನಾನು ಹೇಳಹೊರಟಿರುವುದು ಈ ಐದನೇ ಜೋಡಿ ಪಂಪು ಆಗುವುದಕ್ಕೆ ಮುಂಚೆ ಏನಾಗಿತ್ತು ಎಂಬ ವಿಷಯ. ಅದಕ್ಕೆ ಉತ್ತರ ಸಿಕ್ಕಿದ್ದು ಇಲ್ಲಿಂದ ಬಹಳ ದೂರದ ಕೆಸರಿನಲ್ಲಿ.

1950ರ ದಶಕದ ಮೊದಲ ವರ್ಷಗಳಲ್ಲಿ ಹೊವರ್ಡ್ ಸ್ಯಾಂಡರ್ಸ್ ಎಂಬ ತರುಣ ವಿಜ್ಞಾನಿ ಅಮೆರಿಕದ ಪೂರ್ವ ಕರಾವಳಿಯ ಕಿರಿದಾದ ಕಡಲತೋಳು ಲಾಂಗ್ ಐಲ್ಯಾಂಡ್ ಸೌಂಡ್‌ನಲ್ಲಿ ಸಮುದ್ರತಳದ ಜೀವಿಗಳ ಲೆಕ್ಕ ಹಾಕುತ್ತಿದ್ದರು. ತಳದ ಕೆಸರು ಎತ್ತಿ ತರುವುದು, ಜರಡಿ ಹಿಡಿಯುವುದು, ಉಳಿದದ್ದನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ವಿಂಗಡಿಸುವುದು. ಈ ಕೆಲಸದಲ್ಲಿ ಮೊದಲ ವಾರ ರೋಮಾಂಚನ ಇರುತ್ತದೆ, ಆಮೇಲೆ ಉಳಿಯುವುದು ಬೆನ್ನುನೋವು. ಆ ರಾಶಿಯಲ್ಲಿ ಅವರಿಗೆ ಸಿಕ್ಕಿದ್ದು ಮೂರು ಮಿಲಿಮೀಟರಿನ ಆಸುಪಾಸಿನ, ಬಣ್ಣಗೆಟ್ಟ, ದಾರದ ತುಂಡಿನಷ್ಟೇ ಇರುವ ಒಂದು ಕ್ರಸ್ಟೇಶಿಯನ್, ಅಂದರೆ ಸಿಗಡಿ-ಏಡಿಗಳ ಬಳಗದ ಪ್ರಾಣಿ. ಅದು ಗೊತ್ತಿದ್ದ ಯಾವ ಗುಂಪಿಗೂ ಹೊಂದಲಿಲ್ಲ. 1955ರಲ್ಲಿ ಸ್ಯಾಂಡರ್ಸ್ ಅದಕ್ಕೆ ಹಚಿನ್ಸೋನಿಯೆಲ್ಲಾ ಮ್ಯಾಕ್ರಕಾಂತ ಎಂದು ಹೆಸರಿಟ್ಟು, ಅದೊಂದಕ್ಕಾಗಿಯೇ ಸೆಫಲೊಕ್ಯಾರಿಡ ಎಂಬ ಹೊಸ ಉಪವರ್ಗವನ್ನು ಸ್ಥಾಪಿಸಿದರು. ಹೊಸ ಜಾತಿಗಳು ದಿನಾ ಸಿಗುತ್ತವೆ, ಹೊಸ ಉಪವರ್ಗ ಹಾಗಲ್ಲ.

ಹೆಸರಿನಲ್ಲಿರುವ ಹಚಿನ್ಸನ್ ಅಂದರೆ ಯೇಲ್ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಜಿ. ಎವೆಲಿನ್ ಹಚಿನ್ಸನ್. 1932ರ ಯೇಲ್ ದಂಡಯಾತ್ರೆಯ ಜೊತೆ ಲಡಾಖಿಗೆ ಬಂದು ಅಲ್ಲಿಯ ಎತ್ತರದ ಸರೋವರಗಳನ್ನು ಅಭ್ಯಸಿಸಿದ್ದವರೂ ಇವರೇ. ಇನ್ನೊಂದು ಮಾತು. ಈ ಪ್ರಾಣಿ ಸಿಕ್ಕಿದ್ದು ಯಾರೂ ಹೋಗದ ಸಾಗರದ ಮೂಲೆಯಲ್ಲಲ್ಲ. ಯೇಲ್ ಇರುವ ನ್ಯೂ ಹೇವನ್ ಊರು ಆ ಸೌಂಡಿನ ದಂಡೆಯಲ್ಲೇ ಇದೆ. ಅಷ್ಟು ದೊಡ್ಡ ವಿಶ್ವವಿದ್ಯಾಲಯದ ಅಂಗಳದ ಕೆಸರಿನಲ್ಲಿ ಇಷ್ಟು ಕಾಲ ಇದ್ದೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಈಗ ಪ್ರಾಣಿಯನ್ನು ಹತ್ತಿರದಿಂದ ನೋಡೋಣ.

ಮುಂದೆ ಕುದುರೆ ಲಾಳದ ಆಕಾರದ ತಲೆಗವಚ. ಸಿಗಡಿಗೆ ಇರುವಂತೆ ಎದೆಯನ್ನೂ ಮುಚ್ಚುವ ಚಿಪ್ಪು ಇದಕ್ಕಿಲ್ಲ. ಕಣ್ಣಿಲ್ಲ. ಕಣ್ಣಿನ ಗುರುತೂ ಹೊರಗೆ ಕಾಣುವುದಿಲ್ಲ. ತಲೆಯ ಹಿಂದೆ ಎದೆಯ ಎಂಟು ಖಂಡಗಳು, ಪ್ರತಿಯೊಂದಕ್ಕೂ ಒಂದು ಜೋಡಿ ಕಾಲು. ಅದರ ಹಿಂದೆ ನಡೆಯುವ ಕಾಲಿಲ್ಲದ, ಸಪೂರವಾದ, ಹನ್ನೊಂದು ಖಂಡಗಳ ಹೊಟ್ಟೆ, ಕೊನೆಗೆ ಬಾಲದ ತುಂಡು, ಅದರಿಂದ ಹೊರಟ ಎರಡು ಕವಲುಗಳಿಗೆ ಉದ್ದುದ್ದ ಬಿರುಗೂದಲು. ಇಷ್ಟೇ ಆಗಿದ್ದರೆ ಸ್ಯಾಂಡರ್ಸ್ ಒಂದು ಹೊಸ ಜಾತಿ ಬರೆದು ಮುಗಿಸುತ್ತಿದ್ದರೇನೋ. ಅವರ ಕಣ್ಣು ನಿಂತದ್ದು ಕಾಲುಗಳ ಮೇಲೆ.

ಎಂಟೂ ಜೋಡಿ ಹೆಚ್ಚುಕಡಿಮೆ ಒಂದೇ ಥರ. ಬುಡದ ಅಗಲ ಭಾಗ, ಅದರ ಒಳ ಅಂಚಿನಲ್ಲಿ ಮುಳ್ಳು ತುಂಬಿದ ಸಣ್ಣ ಹಾಲೆಗಳು. ಬುಡದಿಂದ ಕೆಳಕ್ಕೆ ನಡೆಯುವ ಕಾಲಿನಂಥ ಕೀಲುಗೀಲಿನ ಒಳಕೊಂಬೆ. ಪಕ್ಕಕ್ಕೆ ಚಪ್ಪಟೆಯಾದ ಹೊರಕೊಂಬೆ, ಅದರ ಹೊರಗೆ ಇನ್ನೊಂದು ಚಪ್ಪಟೆ ಎಲೆ. ಕ್ರಸ್ಟೇಶಿಯನ್ನುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಕಾಲು ಕಾಣುತ್ತೇವೆ. ನಮ್ಮ ಕೆರೆಗಳ ಪುಟ್ಟ ಕ್ರಸ್ಟೇಶಿಯನ್ ಡ್ಯಾಫ್ನಿಯಾಕ್ಕೆ ಇರುವಂಥ ಎಲೆಗಾಲು ಒಂದು, ಏಡಿ-ಸಿಗಡಿಗಳಿಗೆ ಇರುವಂಥ ಕಡ್ಡಿಗಾಲು ಇನ್ನೊಂದು. ಇಲ್ಲಿ ಎರಡೂ ಒಂದೇ ಕಾಲಿನಲ್ಲಿವೆ. ಕಡ್ಡಿಯ ಭಾಗ ಬೆಳೆಸಿದರೆ ಸಿಗಡಿಯ ಕಾಲು ಬಂತು, ಎಲೆಯ ಭಾಗ ಬೆಳೆಸಿದರೆ ಡ್ಯಾಫ್ನಿಯಾದ್ದು. ಸ್ಯಾಂಡರ್ಸ್ ವಾದ ಮಾಡಿದ್ದು ಇದನ್ನೇ: ಎಲ್ಲ ಕ್ರಸ್ಟೇಶಿಯನ್ನುಗಳ ಮೂಲ ಪೂರ್ವಜನ ಕಾಲು ಇಂಥದ್ದೇ ಇದ್ದಿರಬೇಕು.

ಆ ಕಾಲು ಕೆಲಸ ಮಾಡುವ ರೀತಿ ನನಗೆ ಇನ್ನೂ ಇಷ್ಟ. ಮಳೆಗಾಲದಲ್ಲಿ ಅಂಗಳದ ಮೆಟ್ಟಿಲ ಮೇಲೆ ಚೋರಟೆ ಹೋಗುವುದನ್ನು ನೋಡಿದವರಿಗೆ ಕಾಲುಗಳ ಅಲೆ ಗೊತ್ತು. ಎಲ್ಲ ಕಾಲೂ ಒಟ್ಟಿಗೆ ಎದ್ದು ಬೀಳುವುದಿಲ್ಲ, ಒಂದರ ಹಿಂದೆ ಒಂದು, ಸ್ವಲ್ಪ ತಡವಾಗಿ. ಹಚಿನ್ಸೋನಿಯೆಲ್ಲಾದ ಕಾಲುಗಳೂ ಹಾಗೇ ಬಡಿಯುತ್ತವೆ. ಆದರೆ ಇದು ನೀರೊಳಗಿನ ವ್ಯವಹಾರ, ಹಾಗಾಗಿ ಆ ತಡವೇ ಒಂದು ಯಂತ್ರವಾಗುತ್ತದೆ. ಪಕ್ಕಪಕ್ಕದ ಎರಡು ಕಾಲುಗಳ ನಡುವಿನ ಜಾಗ ಅಗಲವಾದಾಗ ಹೊಟ್ಟೆಯಡಿಯಿಂದ ನೀರು ಒಳಗೆ ಎಳೆದುಕೊಳ್ಳುತ್ತದೆ, ಇಕ್ಕಟ್ಟಾದಾಗ ಹೊರಗಿನ ಎಲೆಗಳು ಬಾಗಿಲಿನಂತೆ ತೆರೆದು ನೀರು ಪಕ್ಕದಿಂದ ಹೊರಹೋಗುತ್ತದೆ. ನೀರಿನ ಜೊತೆ ಬಂದ ಕೊಳೆತ ವಸ್ತುವಿನ ಚೂರುಗಳು ಬಿರುಗೂದಲಿಗೆ ಸಿಕ್ಕಿ ಒಳಗೇ ಉಳಿಯುತ್ತವೆ. ಎಡ ಬಲ ಕಾಲುಗಳ ನಡುವೆ ಮೈಯುದ್ದಕ್ಕೂ ಒಂದು ತೋಡು ಇದೆ. ಬುಡದ ಮುಳ್ಳುಹಾಲೆಗಳು ಆ ಚೂರುಗಳನ್ನು ತೋಡಿಗೆ ತಳ್ಳಿ, ಒಂದರಿಂದ ಒಂದಕ್ಕೆ ದಾಟಿಸುತ್ತ ಮುಂದಕ್ಕೆ, ಬಾಯಿಯ ಕಡೆಗೆ ಕಳಿಸುತ್ತವೆ. ಕಾಲಿನ ತುದಿ ಅದೇ ಹೊತ್ತಿಗೆ ಕೆಸರು ಕೆರೆದು ಹೊಸ ಚೂರು ಎಬ್ಬಿಸುತ್ತಿರುತ್ತದೆ. ನಡೆದಾಡುವುದು, ಆಹಾರ ಹುಡುಕುವುದು, ಸೋಸುವುದು, ಬಾಯಿಗೆ ಸಾಗಿಸುವುದು ಎಲ್ಲ ಒಂದೇ ಬಡಿತದಲ್ಲಿ ಮುಗಿಯುತ್ತದೆ. ಬಾಯಿ ಇರುವುದು ಮುಂದೆಯೇ, ಆದರೆ ಊಟ ಹೊರಡುವುದು ಹಿಂದಿನ ಕಾಲುಗಳಿಂದ.

ಇನ್ನು ನಮ್ಮ ಐದನೇ ಜೋಡಿ. ತಲೆಯ ಅಂಗಗಳನ್ನು ಮುಂದಿನಿಂದ ಎಣಿಸಿದರೆ ಎರಡು ಜೋಡಿ ಮೀಸೆ, ಒಂದು ಜೋಡಿ ದವಡೆ, ನಾಲ್ಕನೆಯದಾಗಿ ಮೊದಲ ಮ್ಯಾಕ್ಸಿಲ್ಲ. ಈ ನಾಲ್ಕನೆಯದು ಅರ್ಧ ದಾರಿ ಬಂದಂತಿದೆ, ಬುಡದ ಒಂದು ಹಾಲೆ ಉದ್ದವಾಗಿ ಬಾಯಿಯ ಒಳಕ್ಕೆ ಚಾಚಿಕೊಂಡಿದೆ. ಆದರೆ ಐದನೆಯದು? ಅದು ಎದೆಯ ಕಾಲಿನ ಪಡಿಯಚ್ಚು. ಅದೇ ಬುಡ, ಅದೇ ಹಾಲೆಗಳು, ಅದೇ ಒಳಕೊಂಬೆ ಹೊರಕೊಂಬೆ. ತಲೆಗವಚದ ಅಡಿಯಲ್ಲಿ ಇರುವುದರಿಂದ ತಲೆಯ ಅಂಗವೆಂದು ಎಣಿಸುತ್ತೇವೆ, ಅಷ್ಟೇ. ಬೇರೆ ಎಲ್ಲ ಜೀವಂತ ಕ್ರಸ್ಟೇಶಿಯನ್ನುಗಳಲ್ಲೂ ಪಂಪೋ ದವಡೆಯೋ ಸಣ್ಣ ಮೊಟಕೋ ಆಗಿರುವ ಅಂಗ ಇಲ್ಲಿ ಇನ್ನೂ ಕಾಲಾಗಿಯೇ ದುಡಿಯುತ್ತಿದೆ. ತಲೆ ಅನ್ನುವುದು ಹಿಂದಿನ ಕಾಲುಗಳನ್ನು ಒಂದೊಂದಾಗಿ ಬಾಯಿಯ ಸೇವೆಗೆ ಸೇರಿಸಿಕೊಳ್ಳುತ್ತ ಬೆಳೆದದ್ದು ಎಂದು ನಾವು ಪುಸ್ತಕದಲ್ಲಿ ಓದುತ್ತೇವೆ. ಹಚಿನ್ಸೋನಿಯೆಲ್ಲಾದಲ್ಲಿ ಆ ಸೇರ್ಪಡೆ ಮೂರೂವರೆಯ ಹತ್ತಿರ ನಿಂತಿದೆ.

ಇಲ್ಲಿಗೆ ಬಂದಾಗ ತರಗತಿಯಲ್ಲಿ ಯಾರಾದರೂ ಒಬ್ಬರು ಕೇಳುತ್ತಾರೆ: ಹಾಗಾದರೆ ಸಿಗಡಿಗಳೆಲ್ಲ ಇದರಿಂದ ಹುಟ್ಟಿದವಾ? ಇಲ್ಲ. ಇದು ಸಿಗಡಿಯ ಅಜ್ಜಿಯಲ್ಲ, ಬಹಳ ದೂರದ ದಾಯಾದಿ. ನಮ್ಮ ಕಾಲದಲ್ಲೇ ಬದುಕಿರುವ ಪ್ರಾಣಿ, ಸಿಗಡಿಯಷ್ಟೇ ಕಾಲ ವಿಕಾಸವಾಗಿದೆ. "ಜೀವಂತ ಪಳೆಯುಳಿಕೆ" ಎಂದು ಬರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸೆಫಲೊಕ್ಯಾರಿಡಗಳ ಪಳೆಯುಳಿಕೆ ಒಂದೂ ಸಿಕ್ಕಿಲ್ಲ ಎಂಬುದು ಬೇರೆ ಮಾತು.

ಅದರ ಉಳಿದ ಮೈಯನ್ನು ನೋಡಿದರೆ ಹಳೆಯದು ಅನ್ನುವ ಮಾತು ಇನ್ನೂ ಜಾರುತ್ತದೆ. ಕಣ್ಣಿಲ್ಲದಿರುವುದು ಹಳೆಯ ಲಕ್ಷಣವಲ್ಲ. ಕ್ರಸ್ಟೇಶಿಯನ್ನುಗಳ ಪೂರ್ವಜರಿಗೆ ಸಂಯುಕ್ತ ಕಣ್ಣುಗಳಿದ್ದವು, ಇದು ಕೆಸರಿನಲ್ಲಿ ಇದ್ದೂ ಇದ್ದೂ ಕಳೆದುಕೊಂಡದ್ದು. 2011ರಲ್ಲಿ ಇದರ ಮೆದುಳನ್ನು ಪದರ ಪದರವಾಗಿ ನೋಡಿದವರಿಗೆ ದೃಷ್ಟಿಯ ಕೇಂದ್ರಗಳ ಸುಳಿವೇ ಸಿಗಲಿಲ್ಲ, ವಾಸನೆ ಹಿಡಿಯುವ ಭಾಗ ಮಾತ್ರ ಚೆನ್ನಾಗಿ ಬೆಳೆದಿತ್ತು. ಎರಡನೇ ಜೋಡಿ ಮೀಸೆ ಬೆಳೆದ ಪ್ರಾಣಿಯಲ್ಲೂ ಬಾಯಿಯ ಹಿಂದೆಯೇ ಉಳಿದಿದೆ. ಬೇರೆಯವುಗಳಲ್ಲಿ ಅದು ಮರಿಯಾಗಿದ್ದಾಗ ಹಿಂದಿದ್ದು ಆಮೇಲೆ ಮುಂದಕ್ಕೆ ಸರಿಯುತ್ತದೆ.

ಸಂತಾನದ ವಿಷಯದಲ್ಲಂತೂ ಇದು ಪೂರಾ ವಿಚಿತ್ರ. ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು. ಅಂಡನಾಳ, ವೀರ್ಯನಾಳ ಎರಡೂ ಕೊನೆಗೆ ಸೇರಿಕೊಂಡು ಆರನೇ ಎದೆಗಾಲಿನ ಬುಡದಲ್ಲಿ ಒಂದೇ ರಂಧ್ರದಿಂದ ಹೊರಬರುತ್ತವೆ. ಸಿಗಡಿ ಲಕ್ಷಗಟ್ಟಲೆ ಮೊಟ್ಟೆ ಇಟ್ಟು ಕಡಲಿಗೆ ಬಿಟ್ಟುಬಿಡುತ್ತದೆ. ಇದು ಒಂದೋ ಎರಡೋ ಮೊಟ್ಟೆ ಇಟ್ಟು, ಹೊಟ್ಟೆಯ ಮೊದಲ ಖಂಡದಲ್ಲಿ ಅದಕ್ಕೆಂದೇ ಕುಗ್ಗಿ ಉಳಿದ ಪುಟ್ಟ ಕಾಲುಗಳಿಗೆ ಅಂಟಿಸಿಕೊಂಡು ಮರಿಯಾಗುವವರೆಗೆ ಹೊತ್ತು ತಿರುಗುತ್ತದೆ. ಮರಿ ಹೊರಬರುವಾಗ ಸ್ವಲ್ಪವೇ ಖಂಡಗಳಿರುತ್ತವೆ, ಪೊರೆ ಕಳಚಿದ ಹಾಗೆಲ್ಲ ಹಿಂದೆ ಒಂದೆರಡು ಸೇರಿಕೊಳ್ಳುತ್ತ ಹೋಗುತ್ತವೆ. ಈ ನಿಧಾನದ ಬೆಳವಣಿಗೆ ಹಳೆಯ ಪದ್ಧತಿ ಎನ್ನಬಹುದು, ಎರಡೇ ಮೊಟ್ಟೆಯ ಸಂಸಾರ ಖಂಡಿತ ಅಲ್ಲ.

ಆದ್ದರಿಂದ ಹಳೆಯದು ಎಂದು ಇಡೀ ಪ್ರಾಣಿಗೆ ಪಟ್ಟ ಕಟ್ಟಲು ಬರುವುದಿಲ್ಲ, ಅಂಗ ಅಂಗಕ್ಕೆ ಬೇರೆ ಬೇರೆ ಲೆಕ್ಕ ಇಡಬೇಕು. ಕಾಲು ಹಳೆಯದು, ಕಣ್ಣು ಕಳೆದದ್ದು, ಸಂಸಾರ ಹೊಸದು. ನನಗೆ ಇದು ಅರ್ಥವಾದದ್ದು ಸೆಫಲೊಕ್ಯಾರಿಡಕ್ಕೆ ಒಬ್ಬ ಪ್ರತಿಸ್ಪರ್ಧಿ ಹುಟ್ಟಿಕೊಂಡ ಕಥೆ ಓದಿದ ಮೇಲೆ.

1979ರಲ್ಲಿ ಜಿಲ್ ಯೇಗರ್ ಎಂಬ ಡೈವರ್-ಜೀವಶಾಸ್ತ್ರಜ್ಞೆ ಬಹಾಮಾ ದ್ವೀಪದ ಲುಕಾಯನ್ ಎಂಬ ನೀರು ತುಂಬಿದ ಗುಹೆಯಲ್ಲಿ ಈಜುತ್ತಿರುವ ಜರಿಯಂಥ ಪ್ರಾಣಿಯನ್ನು ಕಂಡರು. 1981ರಲ್ಲಿ ಅದಕ್ಕೆ ರೆಮಿಪೀಡಿಯ ಎಂಬ ಹೊಸ ವರ್ಗವಾಯಿತು. ಅದರ ಮೈಯಲ್ಲಿ ಎದೆ-ಹೊಟ್ಟೆ ಭೇದವೇ ಇಲ್ಲ, ಉದ್ದಕ್ಕೂ ಒಂದೇ ಥರದ ಖಂಡ, ಒಂದೇ ಥರದ ಈಜುಗಾಲು. ಇದೇ ಅತಿ ಮೂಲ ರೂಪ ಎಂದು ಕೆಲವರು ಸ್ಯಾಂಡರ್ಸ್ ಪಕ್ಷವನ್ನು ಬಿಟ್ಟು ಆ ಕಡೆ ಹೋದರು. ಆದರೆ ಅದರ ತಲೆ ನೋಡಿ! ಬಾಯಿಯ ಸುತ್ತ ಬೇಟೆ ಹಿಡಿಯುವ ಕೊಕ್ಕೆಗಳು, ಒಂದು ಜೋಡಿ ಚುಚ್ಚಿ ವಿಷ ಸುರಿಸುವಂಥದ್ದು. ಅದು ನಿಜವಾಗಿಯೂ ವಿಷವೇ ಎಂದು 2014ರ ಹೊತ್ತಿಗೆ ಖಚಿತವಾಯಿತು, ವಿಷವುಳ್ಳ ಕ್ರಸ್ಟೇಶಿಯನ್ ಎಂದು ಗೊತ್ತಾದದ್ದರಲ್ಲಿ ಇದೇ ಮೊದಲನೆಯದು. ಅಂದರೆ ಒಂದರಲ್ಲಿ ಬಾಯಿ ಸರಳ, ಮೈ ವಿಭಾಗವಾಗಿದೆ. ಇನ್ನೊಂದರಲ್ಲಿ ಮೈ ಸರಳ, ಬಾಯಿ ಭಯಂಕರ. ಇಬ್ಬರಲ್ಲಿ ಯಾರು ಹಿರಿಯರು ಎಂದು ದಶಕಗಳ ಕಾಲ ಜಗಳವಾಡಿದ್ದು, ನನ್ನ ಅಭಿಪ್ರಾಯದಲ್ಲಿ, ಪ್ರಶ್ನೆಯೇ ತಪ್ಪಾಗಿದ್ದರಿಂದ.

ಕಾಲಿನ ಲೆಕ್ಕದಲ್ಲಿ ಸ್ಯಾಂಡರ್ಸ್ ಪರವಾಗಿ ಸಾಕ್ಷಿ ಹೇಳಿದ್ದು ಸ್ವೀಡನ್ನಿನ ಕಲ್ಲುಗಳು. ಜರ್ಮನಿಯ ಕ್ಲಾಸ್ ಮುಲ್ಲರ್ ಅಲ್ಲಿಯ ಸುಣ್ಣಕಲ್ಲನ್ನು ಆಮ್ಲದಲ್ಲಿ ಕರಗಿಸುತ್ತಿದ್ದರು. ಹುಡುಕುತ್ತಿದ್ದದ್ದು ಬೇರೆಯೇ ಸಣ್ಣ ಪಳೆಯುಳಿಕೆಗಳನ್ನು. ಕರಗಿ ಉಳಿದ ಗಷ್ಟಿನಲ್ಲಿ ಮಿಲಿಮೀಟರಿಗೂ ಚಿಕ್ಕ ಸಂಧಿಪದಿಗಳು, ಅಂದರೆ ಕೀಲುಗಾಲಿನ ಪ್ರಾಣಿಗಳು, ಸಿಕ್ಕವು. ಸತ್ತ ಮೇಲೆ ಅವುಗಳ ಮೈಗೆ ಫಾಸ್ಫೇಟಿನ ಲೇಪ ಹತ್ತಿ ಕಾಲು, ಕೀಲು, ಕೂದಲು ಸಮೇತ ಉಬ್ಬಾಗಿಯೇ ಉಳಿದಿದ್ದವು. ವಯಸ್ಸು ಸುಮಾರು 50 ಕೋಟಿ ವರ್ಷ. ಓರ್ಸ್ಟನ್ ಪಳೆಯುಳಿಕೆಗಳು ಎಂದು ಅವುಗಳ ಹೆಸರು. ಅವರ ಜೊತೆಗಾರ ಡೀಟರ್ ವಾಲೊಸೆಕ್ ರೆಬಾಕಿಯೆಲ್ಲಾ ಎಂಬ ಒಂದನ್ನು ಹಂತ ಹಂತವಾಗಿ ವಿವರಿಸಿ 1993ರಲ್ಲಿ ಪ್ರಕಟಿಸಿದರು. ಆ ಕಾಲದ ಕ್ರಸ್ಟೇಶಿಯನ್ನುಗಳಲ್ಲಿ ನಾಲ್ಕನೇ ಜೋಡಿ ಬಾಯಿಯ ಕೆಲಸಕ್ಕೆ ತಿರುಗಿತ್ತು, ಐದನೆಯದು ಇನ್ನೂ ಮೈಗಾಲಿನ ರೂಪದಲ್ಲೇ ಇತ್ತು. ಹಚಿನ್ಸೋನಿಯೆಲ್ಲಾದಲ್ಲಿ ಕಂಡದ್ದೇ ಕಲ್ಲಿನಲ್ಲೂ ಕಂಡಿತು. ಎರಡೂ ಒಂದೇ ವಂಶ ಎಂದಲ್ಲ. ಆ ಒಂದು ಅಂಗದ ಮಟ್ಟಿಗೆ ಕೆಸರಿನ ಪ್ರಾಣಿ ಸುಳ್ಳು ಹೇಳಿರಲಿಲ್ಲ.

ಕಾಲು ದವಡೆಯಾಗುವುದು ಹೇಗೆ ಎಂಬುದೂ ಈಗ ಸ್ವಲ್ಪ ಗೊತ್ತು. ಮೈಯ ಯಾವ ಖಂಡ ಏನಾಗಬೇಕು ಎಂದು ಭ್ರೂಣದಲ್ಲಿ ನಿರ್ಧರಿಸುವ ಹಾಕ್ಸ್ ಜೀನುಗಳಿವೆ. 1997ರಲ್ಲಿ ಮೈಕಲಿಸ್ ಅವೆರೊಫ್ ಮತ್ತು ನಿಪಮ್ ಪಟೇಲ್ ಹಲವು ಕ್ರಸ್ಟೇಶಿಯನ್ನುಗಳ ಭ್ರೂಣಗಳನ್ನು ಹೋಲಿಸಿ, ಎದೆಯ ಮುಂಭಾಗದಲ್ಲಿ ಅಲ್ಟ್ರಾಬೈಥೊರಾಕ್ಸ್ ಗುಂಪಿನ ಜೀನು ಎಲ್ಲಿ ಸುಮ್ಮನಿರುತ್ತದೋ ಅಲ್ಲಿಯ ಕಾಲು ಬಾಯಿಯ ಸಹಾಯಕನಾಗುತ್ತದೆ ಎಂದು ತೋರಿಸಿದರು. 2009ರಲ್ಲಿ ಪ್ಯಾರ್‌ಹೈಯಲ್ ಎಂಬ ಸಣ್ಣ ಸಮುದ್ರಜೀವಿಯಲ್ಲಿ ಆ ಜೀನಿನ ಸದ್ದಡಗಿಸಿದಾಗ ಎದೆಯ ಮುಂದಿನ ಕಾಲುಗಳ ಜಾಗದಲ್ಲಿ ದವಡೆಗಾಲು ಬಂತು. ನಮ್ಮ ಸಿಗಡಿಗೆ ಅಂಥ ದವಡೆಗಾಲು ಮೂರು ಜೋಡಿ ಇವೆ, ಡ್ರಾಯಿಂಗ್ ಶೀಟಿನಲ್ಲಿ ಆರು, ಏಳು, ಎಂಟನೇ ಸ್ಥಾನದಲ್ಲಿ ಅಂಟಿಸುತ್ತಿದ್ದವು. ಹಚಿನ್ಸೋನಿಯೆಲ್ಲಾಕ್ಕೆ ಒಂದೂ ಇಲ್ಲ.

ಕೆಸರಿನ ಬಗ್ಗೆ ಒಂದಿಷ್ಟು ಹೇಳದೆ ಮುಂದೆ ಹೋಗುವುದು ಸರಿಯಲ್ಲ, ಯಾಕೆಂದರೆ ಈ ಪ್ರಾಣಿಯ ಊರು ಅದು. ಕೂಳೂರಿನ ಹತ್ತಿರ ಗುರುಪುರ ನದಿಯ ದಂಡೆಗೆ ಇಳಿತದ ಹೊತ್ತಿನಲ್ಲಿ ಇಳಿದವರಿಗೆ ಗೊತ್ತು, ಕೆಸರು ಅಂದರೆ ಒಂದೇ ವಸ್ತುವಲ್ಲ. ಮೇಲೆ ಉಗುರಿನಷ್ಟು ದಪ್ಪಕ್ಕೆ ಕಂದು ಬಣ್ಣದ ಸಡಿಲ ಪದರ, ಬೆರಳು ತಾಗಿದರೆ ಮೋಡದಂತೆ ಏಳುತ್ತದೆ. ಅದರ ಕೆಳಗೆ ಕಪ್ಪು, ಕೊಳೆತ ಮೊಟ್ಟೆಯ ವಾಸನೆ, ಆಮ್ಲಜನಕ ಇಲ್ಲ. ಸೆಫಲೊಕ್ಯಾರಿಡಗಳ ಸಂಸಾರವೆಲ್ಲ ಇಂಥ ಮೇಲಿನ ಸಡಿಲ ಪದರದಲ್ಲೇ. ಈವರೆಗೆ ಗೊತ್ತಿರುವುದು ಹನ್ನೆರಡು-ಹದಿಮೂರು ಜಾತಿಗಳು, ಅಮೆರಿಕದ ಎರಡೂ ಕರಾವಳಿ, ಕೆರಿಬಿಯನ್, ಜಪಾನ್, ನ್ಯೂಜಿಲೆಂಡ್, ಮೆಡಿಟರೇನಿಯನ್ನಿನ ಸಾರ್ಡೀನಿಯಾ ಹೀಗೆ ಚದುರಿವೆ. ದಂಡೆಯ ಮೊಣಕಾಲುದ್ದ ನೀರಿನಿಂದ ಹಿಡಿದು ಸಾವಿರ ಮೀಟರಿಗೂ ಮಿಕ್ಕ ಆಳದವರೆಗೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಸಿಕ್ಕಿದ್ದಕ್ಕೆ 1961ರಲ್ಲಿ ಲೈಟಿಯೆಲ್ಲಾ ಸೆರೆಂಡಿಪಿಟಾ ಎಂದು ಹೆಸರಿಟ್ಟರು, ಅದೃಷ್ಟಕ್ಕೆ ಸಿಕ್ಕಿದ್ದೆಂದು ಒಪ್ಪಿಕೊಂಡ ಹಾಗೆ. ಒಂದು ಮಿಲಿಮೀಟರ್ ಕಣ್ಣಿನ ಜರಡಿ ಹಿಡಿದರೆ ಇವು ಸಲೀಸಾಗಿ ಜಾರಿಹೋಗುತ್ತವೆ. ನಮ್ಮ ವಿದ್ಯಾರ್ಥಿಗಳು ಕೆಸರು ತೊಳೆಯುವಾಗ ಸಣ್ಣ ಕಣ್ಣಿನ ಜರಡಿಗೆ ಗೊಣಗುವುದನ್ನು ಕೇಳಿದ್ದೇನೆ. ಬೇಗ ಕಟ್ಟಿಕೊಳ್ಳುತ್ತದೆ, ತೊಳೆದು ಮುಗಿಯುವುದೇ ಇಲ್ಲ, ನಿಜ. ಆದರೂ ಹಿಡಿಯಿರಿ.

ಸ್ಯಾಂಡರ್ಸ್ ಆಮೇಲೆ ಸಮುದ್ರವಿಜ್ಞಾನ ಸಂಸ್ಥೆಗಳಿರುವ ವುಡ್ಸ್ ಹೋಲ್‌ಗೆ ಹೋಗಿ ಸಮುದ್ರತಳದ ಜೀವವೈವಿಧ್ಯದ ಮೇಲೇ ಜೀವಮಾನ ಕಳೆದರು. 1969ರ ಸೆಪ್ಟೆಂಬರಿನಲ್ಲಿ ಫ್ಲಾರಿಡಾ ಎಂಬ ತೈಲದ ಬಾರ್ಜು ವುಡ್ಸ್ ಹೋಲ್ ಪಕ್ಕದ ವೆಸ್ಟ್ ಫಾಲ್ಮತ್ ಬಳಿ ಬಂಡೆಗೆ ಬಡಿದು ಡೀಸೆಲಿನಂಥ ಎಣ್ಣೆ ಸೋರಿತು. ಅವರು ವರ್ಷಗಟ್ಟಲೆ ಅಲ್ಲಿಯ ಕೆಸರು ಎತ್ತಿ ಎಣಿಸಿ, ನೀರು ತಿಳಿಯಾಗಿ ಎಲ್ಲರೂ ಮರೆತ ಮೇಲೂ ತಳದ ಜೀವಿಗಳು ಚೇತರಿಸಿಕೊಂಡಿಲ್ಲ ಎಂದು ತೋರಿಸಿದರು. 2022ರ ಜೂನಿನಲ್ಲಿ ಪ್ರಿನ್ಸೆಸ್ ಮಿರಾಲ್ ಹಡಗು ಉಳ್ಳಾಲದ ಬಳಿ ಮುಳುಗಿದಾಗ ನಾವೆಲ್ಲ ಮರಳಿನ ಮೇಲೆ ಎಣ್ಣೆಯ ಕಲೆ ಬಂತಾ ಎಂದು ನೋಡುತ್ತ ನಿಂತಿದ್ದೆವು. ತಳದ ಕಡೆ ನೋಡುವ ಅಭ್ಯಾಸ ನಮಗಿಲ್ಲ.

ಕೊನೆಗೆ ಡಿಎನ್‌ಎ ಬಂತು, ಬಂದು ಜಗಳದ ವಿಷಯವನ್ನೇ ಬದಲಿಸಿತು. 2010ರಲ್ಲಿ 75 ಸಂಧಿಪದಿಗಳ 62 ಜೀನುಗಳನ್ನು ಹೋಲಿಸಿದ ಒಂದು ದೊಡ್ಡ ಅಧ್ಯಯನ ಸೆಫಲೊಕ್ಯಾರಿಡ ಮತ್ತು ರೆಮಿಪೀಡಿಯಗಳನ್ನು ಒಟ್ಟಿಗೆ ಕೂರಿಸಿ, ಆ ಜೋಡಿಯನ್ನು ಕೀಟಗಳ ಪಕ್ಕದಲ್ಲಿ ಇಟ್ಟಿತು. ಕೀಟಗಳ ಪಕ್ಕದಲ್ಲಿ! 2017ರಲ್ಲಿ ಇನ್ನೂ ಹೆಚ್ಚು ಜೀನುಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನ ಇದನ್ನು ತಿದ್ದಿತು. ಕೀಟಗಳ ಅತಿ ಹತ್ತಿರದ ಸಂಬಂಧಿ ರೆಮಿಪೀಡಿಯ ಮಾತ್ರ. ಅವೆರಡೂ, ಡ್ಯಾಫ್ನಿಯಾದ ಗುಂಪೂ ಸೇರಿದ ದೊಡ್ಡ ಕೊಂಬೆಯಲ್ಲಿ ಬುಡದಲ್ಲೇ ಕವಲೊಡೆದದ್ದು ಸೆಫಲೊಕ್ಯಾರಿಡ. ಹಿಂದೆ ಆ ಎರಡು ಗುಂಪು ಜೊತೆಯಾಗಿ ಕಂಡದ್ದಕ್ಕೆ ಒಂದು ಕಾರಣ, ಎರಡರ ಜೀನುಗಳೂ ಬೇಗ ಬೇಗ ಬದಲಾಗಿರುವುದು. ಬಹಳ ಬದಲಾದವು ಲೆಕ್ಕದಲ್ಲಿ ಒಂದಕ್ಕೊಂದು ಹತ್ತಿರ ಬಂದುಬಿಡುವ ಅಪಾಯ ಇದ್ದೇ ಇರುತ್ತದೆ. ಹಾಗೆ ನೋಡಿದರೆ ಸಿಗಡಿ, ಏಡಿಗಳು ಇನ್ನೊಂದು ಕೊಂಬೆಯವು. ಬೆಂಗ್ರೆಯ ಕಡಲತಡಿಯ ಏಡಿಗಿಂತ ಅಂಗಳದ ಇರುವೆ ಹಚಿನ್ಸೋನಿಯೆಲ್ಲಾಕ್ಕೆ ಹತ್ತಿರದ ಸಂಬಂಧಿ. ಇದನ್ನು ಮೊದಲ ಸಲ ಓದಿದಾಗ ನಾನು ಪುಟ ಮಡಚಿಟ್ಟು ಚಹಾ ಮಾಡಲು ಎದ್ದೆ.

ಕೀಟಗಳೂ ಕ್ರಸ್ಟೇಶಿಯನ್ನುಗಳ ವಂಶದ ಒಳಗಿನವೇ ಆದರೆ ಅವುಗಳ ತಲೆಯಲ್ಲೂ ಐದನೇ ಜೋಡಿ ಇರಬೇಕಲ್ಲ? ಇದೆ. ಎರಡನೇ ಜೋಡಿ ಮೀಸೆ ಅವುಗಳಲ್ಲಿ ಅಳಿದೇ ಹೋಗಿದೆ, ಖಂಡ ಮಾತ್ರ ಭ್ರೂಣದಲ್ಲಿ ಗುರುತು ಸಿಗುತ್ತದೆ. ಮೂರನೆಯದು ದವಡೆ, ನಾಲ್ಕನೆಯದು ಮ್ಯಾಕ್ಸಿಲ್ಲ. ಐದನೆಯದರ ಎಡ ಬಲ ಎರಡೂ ನಡುವೆ ಬೆಸೆದುಕೊಂಡು ಕೀಟದ ಕೆಳತುಟಿಯಾಗಿದೆ. ಜೇನುನೊಣ ಮಕರಂದ ನೆಕ್ಕುವ ನಾಲಿಗೆ ಆ ಕೆಳತುಟಿಯ ಭಾಗ. ಕೆರೆಯ ತಳದಲ್ಲಿ ಹೊಂಚಿ ಕೂತ ಏರೋಪ್ಲೇನ್ ಚಿಟ್ಟೆಯ ಮರಿ ಕಣ್ಣು ಮಿಟುಕಿಸುವುದರೊಳಗೆ ಮುಂದಕ್ಕೆ ಚಿಮ್ಮಿಸಿ ಮೀನಿನ ಮರಿಯನ್ನು ಹಿಡಿಯುವ ಮಡಚುಗೈ ಕೂಡ ಅದೇ. ಸಿಗಡಿಯಲ್ಲಿ ಪಂಪು, ಜೇನಿನಲ್ಲಿ ನಾಲಿಗೆ, ಏರೋಪ್ಲೇನ್ ಚಿಟ್ಟೆಯಲ್ಲಿ ಬೇಟೆಯ ಕೈ. ಲಾಂಗ್ ಐಲ್ಯಾಂಡಿನ ಕೆಸರಿನಲ್ಲಿ ಕಾಲು.

ಸೊಳ್ಳೆಯಲ್ಲಿ? ಮಂಗಳೂರಿನವರಿಗೆ ಅನಾಫಿಲಿಸ್ ಸ್ಟೀಫೆನ್ಸಿಯ ಪರಿಚಯ ಮಾಡಿಕೊಡಬೇಕಾಗಿಲ್ಲ, ಕಟ್ಟಡ ಕೆಲಸದ ಟ್ಯಾಂಕಿನ ನಿಂತ ನೀರು ಅದಕ್ಕೆ ಬೇಕಾದಷ್ಟಾಯಿತು. ನಮಗೆ ಕಾಣುವ ಅದರ ಉದ್ದನೆಯ ಸೊಂಡಿಲು ಚುಚ್ಚುವ ಸೂಜಿಯಲ್ಲ, ಸೂಜಿಗಳ ಒರೆ. ಒಳಗೆ ಆರು ಸೂಜಿಗಳಿವೆ. ಎರಡು ದವಡೆಗಳು, ಎರಡು ಮ್ಯಾಕ್ಸಿಲ್ಲಗಳು, ರಕ್ತ ಹೀರುವ ಮೇಲ್ತುಟಿ, ಜೊಲ್ಲು ಇಳಿಸುವ ಒಂದು ಕೊಳವೆ. ಹೊರಗಿನ ಒರೆ ಕೆಳತುಟಿ, ಅಂದರೆ ನಮ್ಮ ಐದನೇ ಜೋಡಿ. ಕೈ ಮೇಲೆ ಕೂತ ಸೊಳ್ಳೆಯನ್ನು ಹೊಡೆಯದೆ ಸ್ವಲ್ಪ ಹೊತ್ತು ನೋಡುವ ತಾಳ್ಮೆ ಇದ್ದರೆ ಕಾಣುತ್ತದೆ: ಸೂಜಿಗಳು ಇಳಿದಂತೆಲ್ಲ ಒರೆ ಹಿಂದಕ್ಕೆ ಮಡಚಿಕೊಂಡು ಬಿಲ್ಲಿನಂತೆ ಬಾಗುತ್ತದೆ, ತಾನು ಚರ್ಮದ ಹೊರಗೇ ಉಳಿಯುತ್ತದೆ. ಮಲೇರಿಯಾದ ಪರಾವಲಂಬಿ ನಮ್ಮೊಳಗೆ ಇಳಿಯುವುದು ಆ ಜೊಲ್ಲಿನ ಕೊಳವೆಯಿಂದ, ಅದು ಯಾವ ಕಾಲಿನಿಂದಲೂ ಆದ ಅಂಗವಲ್ಲ, ಬಾಯಿಯ ತಳದಿಂದ ಬೆಳೆದದ್ದು. ಆ ಮಟ್ಟಿಗೆ ಐದನೇ ಜೋಡಿ ನಿರಪರಾಧಿ.